ಹಿರೇಹಳ್ಳಿಯ ಹದಿನೆಂಟು ನೀಲಿ ಗಿಡಗಳು

೧೯೯೯ರ ಬೇಸಿಗೆಯಲ್ಲಿ ನಾನು ಗುಬ್ಬಿಯಲ್ಲಿ ಸಹಾಯಕ ತೋಟಗಾರಿಕಾ ಅಧಿಕಾರಿಯಾಗಿದ್ದೆ. ಆಗ ನಮ್ಮ ಕಚೇರಿಯಲ್ಲಿ ತೆಂಗಿನ ನುಸಿ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಹುಳು ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುತ್ತಿತ್ತು. ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸುವ ವಿಧಾನವನ್ನು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು.

ಅಂಥ ಒಂದು ದಿನ ನಿಟ್ಟೂರಿನ ಗಂಗಣ್ಣ ಬಂದರು. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಬಲಗೈಯನ್ನು ಜೇಬಿನಿಂದ ತೆಗೆಯದೆ, ಎಡಗೈಯಿಂದಲೇ ಚೀಲ ಬಿಚ್ಚಿ ಒಂದು ಗಿಡ ಮೇಜಿನ ಮೇಲಿಟ್ಟರು. ಗೇಣುದ್ದದ ಗಿಡ, ಸೂಜಿಯಂಥ ಎಲೆ, ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಒಂದು ರೆಂಬೆಯ ತುದಿಯಲ್ಲಿ ಮಾತ್ರ ಬೂದಿ ಬೆರೆತ ನೀಲಿ ಉಳಿದಿತ್ತು. ಅದು ಜುನಿಪರ್. ಪೈನ್, ಸೈಪ್ರಸ್‌ಗಳಂತೆ ಶಂಕುಗಾಯಿ ಬಿಡುವ ಕಾನಿಫರ್ ಜಾತಿಗೆ ಸೇರಿದ್ದು. ಇದು ಅದರಲ್ಲಿ ಮೊಣಕಾಲಿಗಿಂತ ಎತ್ತರ ಬೆಳೆಯದ ಗಿಡ್ಡ ತಳಿ.

"ಇದು ತಣ್ಣನೆ ಜಾಗದ ಗಿಡ, ನಮ್ಮ ಸೆಕೆಗೆ ಬದುಕಲ್ಲ. ಕ್ರೋಟನ್ ಹಾಕಿ," ಎಂದೆ, ಫೈಲಿನಿಂದ ತಲೆ ಎತ್ತದೆ.

"ಕ್ರೋಟನ್ ಹಾಕುದ್ರೆ ನನ್ನ ಮನೇಗ್ ಕಳುಸ್ತಾರೆ ಮೇಡಂ," ಎಂದರು. ಆಗ ಬಲಗೈ ಹೊರಗೆ ಬಂತು. ಅದರಲ್ಲಿ ಮೂರು ಬೆರಳಿರಲಿಲ್ಲ.

ಫೈಲು ಮುಚ್ಚಿ ಅವರನ್ನು ಕೂರಿಸಿದೆ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ಓಡಿಸಿದವರು ಅವರು. ಹಿಂದಿನ ವರ್ಷ ಬೆರಳು ಹೋದ ಮೇಲೆ ಮಾಲೀಕರು ಅವರಿಗೆ ಆಫೀಸಿನ ಮುಂದಿನ ಪುಟ್ಟ ತೋಟ ವಹಿಸಿದ್ದರು. ಉದ್ದ ಮೂವತ್ತು ಅಡಿ, ಅಗಲ ಹನ್ನೆರಡು. ಮಾಲೀಕರು ವಿದೇಶದಲ್ಲಿ ಎಲ್ಲೋ ನೀಲಿ ಗಿಡಗಳ ಕೈತೋಟ ನೋಡಿ ಮನಸೋತು, ಊಟಿ ಕಡೆಯಿಂದ ಇಪ್ಪತ್ನಾಲ್ಕು ಗಿಡ ತರಿಸಿದ್ದರು. ಡಿಸೆಂಬರಿನಲ್ಲಿ ಹೊರದೇಶದ ಗಿರಾಕಿಗಳು ಬರುವವರಿದ್ದರು. "ಅಷ್ಟೊತ್ತಿಗೆ ತೋಟ ನೀಲಿಯಾಗಿ ಎದ್ದು ನಿಂತಿರ್ಬೇಕು, ಇಲ್ಲಾಂದ್ರೆ ನಿನಗೆ ಕೊಡೋಕೆ ನನ್ನತ್ರ ಬೇರೆ ಕೆಲಸ ಇಲ್ಲ" ಎಂದಿದ್ದರಂತೆ. ಎರಡು ತಿಂಗಳಲ್ಲಿ ಸತ್ತ ಆರನೆಯ ಗಿಡ ನನ್ನ ಮೇಜಿನ ಮೇಲಿತ್ತು.

ಎರಡನೇ ಶನಿವಾರದ ರಜೆಯಲ್ಲಿ ಹಿರೇಹಳ್ಳಿಗೆ ಹೋದೆ. ಸೊರಗಿದ ಒಂದು ಗಿಡದ ಬುಡ ಕೆದಕಿದಾಗಲೇ ಅರ್ಧ ಉತ್ತರ ಸಿಕ್ಕಿತು. ಗಟ್ಟಿ ಕೆಂಪು ಜೇಡಿಯಲ್ಲಿ ತೋಡಿದ ಗುಂಡಿ ಬೋಗುಣಿಯ ಹಾಗೆ ನೀರು ಹಿಡಿದಿಟ್ಟಿತ್ತು. ಬೇರು ಕಪ್ಪಾಗಿ ಕೊಳೆತ ವಾಸನೆ ಬರುತ್ತಿತ್ತು. "ದಿನಕ್ಕೆ ಎಷ್ಟು ಸಲ ನೀರು?" ಎಂದೆ.

"ಎರಡು ಸಲ. ಬಿಸ್ಲು ಜಾಸ್ತಿ ಅಲ್ವಾ ಅಂತ."

ಗಿಡ ಸೆಕೆಗೆ ಸಾಯುತ್ತಿದೆ ಎಂದುಕೊಂಡಿದ್ದೆ. ಅದು ನೀರಿಗೆ ಸಾಯುತ್ತಿತ್ತು. ಕಚೇರಿಯಲ್ಲಿ ಕೂತು ಕ್ರೋಟನ್ ಹಾಕಿ ಎಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಮೇ ಕೊನೆಯ ಮಳೆ ಬಿದ್ದು ಸೆಕೆ ತಗ್ಗಿದ ಮೇಲೆ ಹದಿನೆಂಟು ಗಿಡಗಳನ್ನೂ ಬೇರಿನ ಮಣ್ಣು ಚದುರದಂತೆ ಎತ್ತಿದೆವು. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ ಪಾತಿ ಕಟ್ಟಿ, ಮೂರಡಿಗೊಂದರಂತೆ ನೆಟ್ಟೆವು. ಗಿಡದಿಂದ ಗಿಡಕ್ಕೆ ಇರುವ ದೂರವನ್ನು ಗಂಗಣ್ಣ ಟೇಪಿನಲ್ಲಿ ಎರಡೆರಡು ಸಲ ಅಳೆದರು. ಒಂದು ಉಕ್ಕಿನ ಕಡ್ಡಿಗೆ ಅರ್ಧರ್ಧ ಇಂಚಿಗೆ ಗೀಟು ಹಾಕಿಕೊಂಡು, ಮಣ್ಣಿಗೆ ಚುಚ್ಚಿ ತೆಗೆದು, ಎರಡು ಇಂಚಿನವರೆಗೆ ಮಣ್ಣು ಅಂಟದೆ ಬಂದರೆ ಮಾತ್ರ ನೀರು ಕೊಟ್ಟರು. ಮಳೆಗಾಲ ಮುಗಿಯಿತು. ಒಂದು ಗಿಡವೂ ಸಾಯಲಿಲ್ಲ. ತುದಿಗಳಲ್ಲಿ ಹೊಸ ಚಿಗುರು ನೀಲಿಯಾಗಿ ಬಂತು.

ಅಕ್ಟೋಬರಿನಲ್ಲಿ ಮತ್ತೊಂದು ಕಾಟ ಶುರುವಾಯಿತು. ಒಳಗಿನ ಎಲೆಗಳು ಧೂಳು ಹಿಡಿದಂತೆ ಮಂಕಾದವು. ರೆಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದೆ. ಹಾಳೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು ಓಡಾಡಿದವು. ಕೆಂಪು ನುಸಿ! ನುಸಿ ಎಂದರೆ ನನ್ನ ಬಾಯಿಪಾಠ. "ಬೇವಿನ ಎಣ್ಣೆ, ಸೋಪಿನ ನೀರು. ಎಲ್ಲಾ ಗಿಡಕ್ಕೂ ಚೆನ್ನಾಗಿ ಹೊಡೀರಿ," ಎಂದು ಅಳತೆ ಬರೆದುಕೊಟ್ಟು ಬಂದೆ.

ವಾರದ ಮೇಲೆ ಕಚೇರಿಗೆ ಫೋನ್ ಬಂತು. "ಮೇಡಂ, ಒಂದ್ಸಲ ಬಂದ್ ನೋಡ್ಬುಡಿ."

ಹೋಗಿ ನೋಡಿದರೆ, ಅಂಚಿನ ಒಂದು ಗಿಡ ಬೇಲಿಯ ಯಾವುದೋ ಗಿಡದಂತೆ ಬರೀ ಹಸಿರಾಗಿ ನಿಂತಿತ್ತು. ನೀಲಿ ಪೂರ್ತಿ ಹೋಗಿತ್ತು. ಕಾರಣ ಆಗ ಹೊಳೆಯಿತು. ಈ ಗಿಡದ ನೀಲಿ ಎಲೆಯೊಳಗಿನ ಬಣ್ಣವಲ್ಲ. ದ್ರಾಕ್ಷಿಯ ಮೇಲೆ ಬೂದಿಯಂತೆ ಕೂತಿರುತ್ತದಲ್ಲ, ಅಂಥ ತೆಳ್ಳನೆಯ ಮೇಣ. ಎಣ್ಣೆ ಮತ್ತು ಸೋಪು ಅದನ್ನು ತೊಳೆದುಬಿಟ್ಟಿದ್ದವು. ಇನ್ನೆರಡು ತಿಂಗಳಲ್ಲಿ ಗಿರಾಕಿಗಳು ಬರುವವರು.

"ಮಿಕ್ಕಿದ್ದವು?" ಎಂದೆ.

"ಅವಕ್ಕೆ ಹೊಡ್ದಿಲ್ಲ ಮೇಡಂ."

"ಎಲ್ಲಕ್ಕೂ ಹೊಡೀರಿ ಅಂದಿದ್ದೆನಲ್ಲ?"

ಅವರು ಸಂಕೋಚದಿಂದ ನಕ್ಕರು. "ಲೇತ್‌ಗೆ ಹೊಸ ಜಾಬ್ ಬಂದ್ರೆ ಮೊದ್ಲು ಒಂದ್ ಪೀಸ್ ಮಾಡಿ ಅಳತೆ ನೋಡ್ತೀವಿ. ಅದು ಸರಿ ಬಂದ್ರೆ ತಾನೇ ಮಿಕ್ಕಿದ್ದು? ನೀವ್ ಹೇಳುದ್ರೂ ಕೈ ಕೇಳ್ಲಿಲ್ಲ. ಬೇಜಾರ್ ಮಾಡ್ಕಬ್ಯಾಡಿ."

ಬೇಜಾರು ಎಲ್ಲಿಂದ ಬರಬೇಕು? ನನ್ನ ಮಾತನ್ನು ಪೂರ್ತಿ ಕೇಳದೆ ಅವರು ಹದಿನೇಳು ಗಿಡ ಉಳಿಸಿದ್ದರು.

ಎಣ್ಣೆ ಬಿಟ್ಟೆವು. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ರೆಂಬೆಗಳ ಅಡಿಭಾಗಕ್ಕೆ ಬರೀ ನೀರನ್ನು ಪೈಪಿನಿಂದ ಹಾಯಿಸಿ, ಬಿಸಿಲಿಗೆ ಆರಲು ಬಿಡುವುದೆಂದು ಠರಾಯಿಸಿದೆವು. ಅದನ್ನೂ ಗಂಗಣ್ಣ ಮೊದಲು ಒಂದೇ ಗಿಡಕ್ಕೆ ಮಾಡಿದರು. ಮೂರು ವಾರದಲ್ಲಿ ಬಿಳಿ ಹಾಳೆ ಬಿಳಿಯಾಗಿಯೇ ಉಳಿಯಿತು.

ಡಿಸೆಂಬರಿನಲ್ಲಿ ಗಿರಾಕಿಗಳು ಬಂದ ದಿನ ನಾನೂ ಅಲ್ಲಿದ್ದೆ. ಎಳೆ ಬಿಸಿಲಲ್ಲಿ ಹದಿನೇಳು ಗಿಡಗಳು ಬೆಳ್ಳಿ ಬಳಿದ ನೀಲಿಯಾಗಿ ಪಾತಿಯ ತುಂಬ ಹರಡಿದ್ದವು. ಬಂದವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಮಂಡಿಯೂರಿ ಕೂತು ಎಲೆ ಮೂಸಿ ನೋಡಿದರು. ಇದು ತಮ್ಮೂರಿನ ಗಿಡ, ಇಷ್ಟು ದೂರದಲ್ಲಿ ಇಷ್ಟು ಚೆನ್ನಾಗಿ ಬೆಳೆಸಿದವರು ಯಾರು ಎಂದು ಕೇಳಿದರು. ಮಾಲೀಕರು ಹೆಮ್ಮೆಯಿಂದ ಗಂಗಣ್ಣನನ್ನು ತೋರಿಸಿದರು. ಆಕೆ ಎದ್ದು ಅವರ ಬಲಗೈಯನ್ನೇ ಹಿಡಿದು ಕುಲುಕಿದರು.

ಅವರೆಲ್ಲ ಒಳಗೆ ಹೋದ ಮೇಲೆ ಮಾಲೀಕರು ಹಿಂದೆ ಉಳಿದು, "ಈ ಒಂದು ಯಾಕೆ ಹಸಿರು?" ಎಂದರು.

ಗಂಗಣ್ಣ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಅದು ನನ್ನ ತಪ್ಪು. ಎಲ್ಲಕ್ಕೂ ಎಣ್ಣೆ ಹೊಡೀರಿ ಅಂದವಳು ನಾನು. ಒಂದಕ್ಕೇ ಹೊಡೆದು ಮಿಕ್ಕಿದ್ದನ್ನು ಉಳಿಸಿದವರು ಇವರು." ಫಸ್ಟ್ ಪೀಸಿನ ಮಾತನ್ನೂ ಹೇಳಿದೆ.

ಮಾಲೀಕರು ಬಗ್ಗಿ ಆ ಹಸಿರು ಗಿಡವನ್ನು ಪಕ್ಕದ ನೀಲಿ ಗಿಡಕ್ಕೆ ಹೋಲಿಸಿ ನೋಡಿದರು. "ಗಂಗಣ್ಣ, ಸೋಮವಾರದಿಂದ ಇನ್‌ಸ್ಪೆಕ್ಷನ್ ಟೇಬಲ್‌ಗೆ ಬಂದ್ಬಿಡು," ಎಂದರು. ತಯಾರಾದ ಪ್ರತಿ ಸಾಮಾನನ್ನೂ ಅಳೆದು ಪಾಸು ಮಾಡುವ ಜಾಗ ಅದು. ವರ್ಕ್‌ಶಾಪಿನಲ್ಲಿ ಅದಕ್ಕಿಂತ ನಂಬಿಕೆಯ ಕುರ್ಚಿ ಇರಲಿಲ್ಲ.

"ಬತ್ತೀನಿ ಸಾರ್. ಆದ್ರೆ ತೋಟ ಯಾರ್ಗೂ ಬುಡಾಕಿಲ್ಲ. ಎರಡೂ ನಾನೇ ನೋಡ್ಕೊತೀನಿ," ಎಂದರು ಗಂಗಣ್ಣ. ಮೂವರೂ ನಕ್ಕೆವು.

ಆಮೇಲೆ ಭಾನುವಾರಗಳಲ್ಲಿ ಅವರು ತುಮಕೂರು, ಗುಬ್ಬಿಯ ಮನೆಗಳ ಮುಂದೆ, ಆರಡಿ ಎಂಟಡಿ ಜಾಗದಲ್ಲೂ ನೀಲಿ ತೋಟ ಕಟ್ಟಿಕೊಟ್ಟರು. ಹುತ್ರಿದುರ್ಗದ ಒಬ್ಬ ಮೇಷ್ಟರ ಅಂಗಳದಲ್ಲಿ ಕಟ್ಟಿದ್ದನ್ನು ನಾನೇ ಹೋಗಿ ನೋಡಿದ್ದೇನೆ. ಅಷ್ಟರಲ್ಲಿ ನನಗೆ ಅದೇ ಕಡೆಯ ಕುಣಿಗಲ್‌ಗೆ ವರ್ಗವಾಗಿತ್ತು.

ಅಲ್ಲಿ ಯಾವುದೇ ಔಷಧಿ ಹೇಳಿದರೂ ಮೊದಲು ಒಂದು ಮರಕ್ಕೆ ಹಾಕಿ, ವಾರ ಬಿಟ್ಟು ನಾನೇ ಬಂದು ನೋಡುತ್ತೇನೆ ಎನ್ನುತ್ತಿದ್ದೆ. ಒಬ್ಬ ರೈತರು ರೇಗಿ, "ಒಂದೇ ಮರಕ್ಕಾ? ಔಷಧಿ ಮೇಲೆ ನಿಮ್ಗೇ ನಂಬ್ಕೆ ಇಲ್ವಾ ಮೇಡಂ?" ಎಂದು ಕೇಳಿಯೇಬಿಟ್ಟರು.

"ಔಷಧಿ ಮೇಲಿದೆ. ನನ್ನ ಮೇಲೆ ಅಷ್ಟೊಂದಿಲ್ಲ," ಎಂದೆ.

ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಇದೇ. ಸಲಹೆ ಕೊಡುವ ಕುರ್ಚಿಯಲ್ಲಿ ಕೂತವರು ಎದ್ದು ಹೋಗಿ ಅದರ ಫಲ ಕಣ್ಣಾರೆ ನೋಡಬೇಕು. ತಪ್ಪಾಗಿದ್ದರೆ, ಅದು ನನ್ನದು ಎಂದು ಎಲ್ಲರೆದುರು ಹೇಳಬೇಕು. ಹಾಗೆ ಹೇಳಿದ ದಿನದಿಂದ ಜನ ನನ್ನ ಮಾತನ್ನು ಹೆಚ್ಚು ನಂಬಿದರು.