ಕೆಂಪಾಗದ ಭಂಡಾರ

ಉಗರಗೋಳದ ರಾಜಮಾ ಆರು ವರ್ಷ ಮನೆಯಲ್ಲೇ ಕುಳಿತು ಭಂಡಾರದ ಪೊಟ್ಟಣ ಕಟ್ಟಿದವಳು. ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಹಣೆಗೆ ಹಚ್ಚಿ, ಊರಿಗೂ ಒಯ್ಯುವ ಆ ಅರಿಶಿನದ ಪುಡಿಯನ್ನು ವ್ಯಾಪಾರಿಯೊಬ್ಬ ಚೀಲಗಟ್ಟಲೆ ತಂದು ಇಳಿಸುತ್ತಿದ್ದ. ರಾಜಮಾ ಮತ್ತು ಸೊಸೆ ಜನ್ನತ ಅದನ್ನು ಪ್ಲಾಸ್ಟಿಕ್ ಪಾಕೀಟುಗಳಿಗೆ ತುಂಬಿ, ಮೇಣದಬತ್ತಿಯ ಉರಿಗೆ ಹಿಡಿದು ಬಾಯಿ ಮುಚ್ಚುತ್ತಿದ್ದರು. ಗುಡ್ಡದವ್ವನ ಕೆಲಸವೆಂಬ ಅಭಿಮಾನ ರಾಜಮಾಗೆ ಇತ್ತು.

ಹೋದ ವರ್ಷ ಜನ್ನತಳ ಅಂಗೈ ಬಿರಿಯತೊಡಗಿತು. ಮೊದಲು ತುರಿಕೆ, ಆಮೇಲೆ ಬೆರಳ ಸಂದಿಯಲ್ಲಿ ನೀರುಗುಳ್ಳೆ. ರೊಟ್ಟಿ ಬಡಿಯಲೂ ಆಗದಂತಾದಾಗ ರಾಜಮಾ ಅವಳನ್ನು ಸವದತ್ತಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಕೆಲಸವೇನೆಂದು ವಿಚಾರಿಸಿದರು. ಅರಿಶಿನ ತುಂಬುವುದು ಎಂದಳು ರಾಜಮಾ.

"ಅರಿಶಿಣದಿಂದ ಹಿಂಗ ಆಗೂದು ಅಪರೂಪ ರಿ. ಆ ಪುಡಿ ಖರೇನ ಅರಿಶಿಣ ಐತೇನು, ಮೊದಲ ಅದನ್ನ ನೋಡ್ರಿ," ಎಂದರು ಡಾಕ್ಟರಮ್ಮ.

ಮನೆಗೆ ಬಂದವಳೇ ರಾಜಮಾ ಎಲೆಯಡಿಕೆ ಸಂಚಿಯಿಂದ ಸುಣ್ಣ ತೆಗೆದಳು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆಂದು ತಿಳಿಯದ ಹೆಂಗಸು ಆ ಸೀಮೆಯಲ್ಲಿಲ್ಲ. ಚಿಟಿಕೆ ಪುಡಿಯನ್ನು ತಾಟಿನ ಮೇಲೆ ಸುಣ್ಣದೊಡನೆ ತಿಕ್ಕಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೆರಡು ಚೀಲ ಬಿಚ್ಚಿ ನೋಡಿದಳು, ಅವೂ ಅಷ್ಟೇ. ಆರು ವರ್ಷ ತುಂಬಿದ್ದು ಬಣ್ಣ ಕಲಸಿದ ಹಿಟ್ಟು. ಎಷ್ಟು ಕೂಸುಗಳ ಹಣೆಗೆ, ಎಷ್ಟು ಮಂದಿಯ ಕಣ್ಣಿಗೆ ಬಿದ್ದಿತ್ತೋ. ಕೈ ತೊಳೆದ ನೀರು ದಿನಾ ಗಟಾರ ಹಿಡಿದು ಹಳ್ಳಕ್ಕೆ ಸೇರಿತ್ತು.

ಮರುದಿನ ರಾಜಮಾ ಕೇಳಿದಾಗ ವ್ಯಾಪಾರಿ ಏನೂ ಮುಚ್ಚಿಡಲಿಲ್ಲ. ಜನರಿಗೆ ಕಣ್ಣು ಕುಕ್ಕುವ ಬಣ್ಣ ಬೇಕು, ಸೋವಿಯೂ ಆಗಬೇಕು ಎಂದ. ಬೇಕಿದ್ದರೆ ರಬ್ಬರಿನ ಕೈಗವಸು ತಂದುಕೊಡುತ್ತೇನೆ ಎಂದ.

"ಸೋವಿ ಅಲ್ರಿ ಇದು," ಎಂದಳು ರಾಜಮಾ. "ನೀವು ಉಳಿಸಿದ ರೊಕ್ಕದ ಬೆಲಿ ನನ್ನ ಸೊಸಿ ಕೈ ತೆತ್ತೈತಿ. ನಿಮ್ಮ ಚೀಲ ಒಯ್ರಿ."

ಎರಡು ತಿಂಗಳು ಅವರಿವರ ಹೊಲದಲ್ಲಿ ಕಳೆ ತೆಗೆದು ದಿನ ದೂಡಿದಳು. ಆಮೇಲೆ ಗೋಕಾಕದ ಕಡೆಯ ರೈತ ಪರಸಪ್ಪನಿಂದ ಒಂದು ಚೀಲ ಅರಿಶಿನದ ಕೊಂಬು ತರಿಸಿ, ಗಿರಣಿಯಲ್ಲಿ ಬೀಸಿಸಿ, ಕಾಗದದ ಪೊಟ್ಟಣ ಕಟ್ಟಿದಳು. ಗುಡ್ಡದಲ್ಲಿ ಕಾಯಿ-ಕರ್ಪೂರ ಮಾರುವ ಗೆಳತಿ ಸಿದ್ದಲಿಂಗವ್ವ ಅವನ್ನು ಅಂಗಡಿಯಲ್ಲಿಟ್ಟಳು. ಬಣ್ಣ ಮಾಸಿದೆ, ತುಟ್ಟಿಯೂ ಆಯಿತು ಎಂದು ಮಂದಿ ಮುಂದೆ ನಡೆದರು. ವಾರದಲ್ಲಿ ಹೋದದ್ದು ಒಂಬತ್ತೇ ಪೊಟ್ಟಣ.

"ಹಿಂಗಾದ್ರ ನಡಿಯೂದಿಲ್ಲ ರಾಜಮಾ," ಎಂದಳು ಸಿದ್ದಲಿಂಗವ್ವ. "ನಾ ಬಾಯಿಲೆ ಹೇಳಿದ್ರ ಯಾರ ನಂಬತಾರ? ನೀ ಮನ್ಯಾಗ ಮಾಡಿದ್ದನ್ನ ಇಲ್ಲೇ ಮಾಡಿ ತೋರಸು."

ಅಂದಿನಿಂದ ರಾಜಮಾ ಅಂಗಡಿಯ ಮುಂದೆ ಎರಡು ಬಟ್ಟಲಿಟ್ಟು ಕುಳಿತಳು. ಒಂದರಲ್ಲಿ ಬಣ್ಣದ ಪುಡಿ, ಇನ್ನೊಂದರಲ್ಲಿ ತನ್ನದು. ಎರಡಕ್ಕೂ ಸುಣ್ಣ ಹಾಕಿ ಕಲಸುವಳು. ತನ್ನದು ಕೆಂಪಾಗುವುದು, ಬಣ್ಣದ್ದು ಆಗದು. ಕೂಸು ಎತ್ತಿಕೊಂಡ ತಾಯಂದಿರು ಮೊದಲು ನಿಂತರು. ಒಬ್ಬಾಕೆ ಮಗುವಿನ ಹಣೆಯ ಹಳದಿಯನ್ನು ಸೆರಗಿನಿಂದ ಒರೆಸಿ, ರಾಜಮಾಳ ಪೊಟ್ಟಣ ಬಿಚ್ಚಿ ಹೊಸದಾಗಿ ಹಚ್ಚಿದಳು.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಇನ್ನೂ ನಾಲ್ಕು ಅಂಗಡಿಯವರು ಪೊಟ್ಟಣ ಕೇಳಿದರು. ಬಣ್ಣದ ಪುಡಿ ಗುಡ್ಡದಲ್ಲಿ ಈಗಲೂ ಮಾರಾಟವಾಗುತ್ತದೆ. ಆದರೆ ಅದನ್ನು ತುಂಬುತ್ತಿದ್ದ ಮೂರು ಮನೆಯ ಹೆಂಗಸರು ಈಗ ರಾಜಮಾಳ ಪಡಸಾಲೆಯಲ್ಲಿ ಕಾಗದ ಮಡಚುತ್ತಾರೆ. ಜನ್ನತಳ ಕೈ ಮಾಯ್ದಿದೆ. ಕೊಂಬು ಆರಿಸಲು ಪರಸಪ್ಪನ ಊರಿಗೆ ಬಸ್ಸು ಹತ್ತುವವಳು ಈಗ ಅವಳೇ.