ರುದ್ರಮ್ಮನ ಬೂಷ್ಟು

ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿ ಇಡಲು ಬರುತ್ತೇನೆ ಎಂದು ಸೋದರಳಿಯ ಮಲ್ಲಿಕಾರ್ಜುನ ಹೇಳಿದಾಗ, ಹುಲ್ಲಹಳ್ಳಿಯ ರುದ್ರಮ್ಮ ಫೋನಿನಲ್ಲಿ, "ಬೆಂಕಿ ಬ್ಯಾಡ, ಬೂಷ್ಟು ಸಾಕು ಕಣ್ಲಾ" ಅಂದಿದ್ದರು. ನಂಜನಗೂಡಿನ ಮೊಬೈಲ್ ಅಂಗಡಿಯಲ್ಲಿ ಸಂಬಳಕ್ಕಿದ್ದ ಅವನು, ಜಾಣನಲ್ಲವೇ, ಹಾಲಿಗೆ ಬೆರೆಸುವ ಬೂಸ್ಟ್ ಡಬ್ಬಿ ಕೊಂಡುಹೋದ. ಜೇಬಿನಲ್ಲಿ ಬೆಂಕಿಪೊಟ್ಟಣವೂ ಇತ್ತು.

ರುದ್ರಮ್ಮ ಡಬ್ಬಿ ನೋಡಿ ನಕ್ಕು, ಅವನನ್ನು ಗದ್ದೆಗೆ ಕರೆದೊಯ್ದು ಒದ್ದೆ ತರಗನ್ನು ಎತ್ತಿ ತೋರಿಸಿದರು. ಕೆಳಗೆಲ್ಲ ಬಿಳಿ ನೂಲು ಹೆಣೆದಂತೆ ಬೂಷ್ಟು ಹಬ್ಬಿ ತರಗನ್ನು ತಿನ್ನುತ್ತಿತ್ತು. ತರಗು ಎಲ್ಲಿ ಮುಗಿದು ಮಣ್ಣು ಎಲ್ಲಿ ಶುರುವಾಯಿತೋ ಅವನಿಗೆ ತಿಳಿಯಲಿಲ್ಲ. ಸದ್ದಿಲ್ಲದೆ ನಡೆದಿದ್ದ ಆ ಕೆಲಸದ ಮುಂದೆ ಅವನು ಮಂಡಿಯೂರಿ ಕುಳಿತ.

"ಬೆಂಕಿ ಇಟ್ರೆ ಇದೂ ಸಾಯ್ತದೆ" ಅಂದರು ರುದ್ರಮ್ಮ. ಪೊಟ್ಟಣ ಜೇಬಿನಲ್ಲೇ ಉಳಿಯಿತು.

ಬದುವಿನಾಚೆ ರುದ್ರಮ್ಮನ ಗಂಡನ ಸಮಾಧಿಯಿತ್ತು. ಮಲ್ಲಿಕಾರ್ಜುನ ದನಿ ತಗ್ಗಿಸಿ ಕೇಳಿದ: "ಅತ್ತೆ, ಮಾವನ್ನ ತಿಂದಿದ್ದೂ ಇದೇನಾ?"

"ಇನ್ಯಾರ್ಲಾ? ನಾವು ಊತ್ವಿ ಅಷ್ಟೇ. ಮಣ್ಣು ಮಾಡಿದ್ದು ಇದು."