ಗೋಡೆ ನೋಡಲು ಬರುತ್ತಿದ್ದವರು

ಮೊನ್ನೆ ಪೋತ್ನಾಳದ ಗೆಳತಿಯ ಮನೆಗೆ ಹೋದಾಗ ಪಕ್ಕದವರು ಹಿತ್ತಲ ಗೋಡೆಗೆ ಮಣ್ಣು ಸೆಗಣಿ ಕಲಸಿ ಸಾರಿಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾನ್ವಿಯ ನನ್ನ ಬಾಡಿಗೆ ಕೋಣೆ ಕಣ್ಣ ಮುಂದೆ ಬಂತು. ಗೋಡೆಯಲ್ಲಿ ಸಾಲಾಗಿ ತೂತು, ತೂತಿನಲ್ಲಿ ಥರ್ಮಾಮೀಟರು... ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ ಅವರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿ ಶಾಲೆಯ ಟೀಚರು, ಒಂಟಿ. ಅವರು ರಾಯಚೂರಿನಲ್ಲಿ ಎಂಜಿನಿಯರಿಂಗ್ ಕಲಿಸುವ ಸರ್. ಕಾಲುವೆ ಬಂದಮೇಲೆ ನಮ್ಮ ಕಡೆ ಮಣ್ಣಿನ ಗೋಡೆಗಳು ತೇವ ಕುಡಿದು ಉದುರುತ್ತಿದ್ದವಲ್ಲ, ಗೋಡೆಯೊಳಗೆ ಬಿಸಿಲು ಹೇಗೆ ಇಳಿಯುತ್ತದೆ, ತೇವ ಹೇಗೆ ಏರುತ್ತದೆ ಎಂದು ಕಂಪ್ಯೂಟರಿನಿಂದ ಮೊದಲೇ ಹೇಳಿಸಬೇಕೆಂಬ ಹುಚ್ಚು ಅವರಿಗೆ. ಅದಕ್ಕೆಂದು ನನ್ನ ಕೋಣೆಯ ಗೋಡೆ ಆರಿಸಿಕೊಂಡಿದ್ದರು. ಭಾನುವಾರ ಬಸ್ಸಿಳಿದು ಬಂದು ಅಂಕಿ ಬರೆದುಕೊಂಡು, ತೇವ ಅಳೆಯಲು ಚಿಟಿಕೆ ಮಣ್ಣು ಕೆರೆದು ಡಬ್ಬಿಗೆ ಹಾಕಿಕೊಳ್ಳುವರು. ಕಂಪ್ಯೂಟರು ಇದ್ದದ್ದು ಹೈದರಾಬಾದಿನಲ್ಲಿ. ಅಲ್ಲಿಗೆ ಹೋಗಿ ಲೆಕ್ಕ ಹಾಕಿಸುವರು.

“ಯಪ್ಪಾ, ಗ್ವಾಡಿಗೆ ಜ್ವರ ಬಂದಾವೇನು?” ಎಂದು ಮನೆಯೊಡತಿ ಅಜ್ಜಿ ಕಾಡಿಸಿದರೆ ನಗುವರು. ನನ್ನ ಜೊತೆ ಮಾತು ಕಡಿಮೆ. ಚಹಾ ಕುಡಿದು ಕಪ್ಪು ತಾವೇ ತೊಳೆದಿಡುವರು. ಅಷ್ಟಕ್ಕೇ ನಾನು ವಾರವೆಲ್ಲ ಭಾನುವಾರದ ದಾರಿ ಕಾಯುತ್ತಿದ್ದೆ. ಹುಚ್ಚ ಖೋಡಿ ನಾನು!

ಆದರೆ ಲೆಕ್ಕ ಕೂಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಗೋಡೆಯೊಳಗಿನ ಮಣ್ಣು ಕಾರಣವಿಲ್ಲದೆ ತೇವವಾಗುತ್ತಿತ್ತಂತೆ. “ಬಿಟ್ಟಬಿಡ್ತೀನ್ರಿ ಟೀಚರ್, ಇದು ನನ್ನ ಕೈಲೆ ಆಗೂದಲ್ಲ,” ಎಂದರು ಒಂದು ಸಲ. ಮುಖ ಬಾಡಿತ್ತು.

ಕಾರಣ ನನಗೆ ಹೊಳೆದದ್ದು ಅಮಾವಾಸ್ಯೆಯ ದಿನ. ಅಜ್ಜಿ ಥರ್ಮಾಮೀಟರುಗಳಿಗೆ ತಾಗದಂತೆ ಕೈಯಾಡಿಸುತ್ತ ಗೋಡೆ ಸಾರಿಸುತ್ತಿದ್ದಳು. ಪ್ರತಿ ಅಮಾವಾಸ್ಯೆಗೂ ಸಾರಿಸುವವಳೇ. ಭಾನುವಾರದ ಹೊತ್ತಿಗೆ ಮೇಲೆ ಒಣಗಿರುತ್ತಿತ್ತು. ಅದೂ ಒಂದು ಹೇಳುವ ಮಾತೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ಈಗ ಹೇಳಿದರೆ ಲೆಕ್ಕ ಕೂಡುತ್ತದೆ. ಕೂಡಿದರೆ ಅವರು ಬರುವುದಿಲ್ಲ. ಆದರೂ ಆ ಬಾಡಿದ ಮುಖ ನೆನಪಾಗಿ, ಭಾನುವಾರ ಬಂದೊಡನೆ ಹೇಳಿಬಿಟ್ಟೆ.

“ಅಯ್ಯ, ನಮ್ಮವ್ವನೂ ಸಾರಸ್ತಿದ್ಲಲ್ರಿ!” ಎಂದು ಹಣೆ ಬಡಿದುಕೊಂಡು ನಕ್ಕರು. ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಓಡಿದರು.

ಮತ್ತೆ ಬಂದದ್ದು ಒಂದೇ ಸಲ. ಲೆಕ್ಕ ಕೂಡಿತ್ತು. ಥರ್ಮಾಮೀಟರುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯಲ್ಲಿ ಸುತ್ತಿಕೊಂಡು, “ಇನ್ನ ಮ್ಯಾಲ ನಿಮಗ ತ್ರಾಸ ಇಲ್ರಿ,” ಎಂದರು. ಹೂಂ ಅಂದೆ. ಮುಂದಿನ ಅಮಾವಾಸ್ಯೆಗೆ ಅಜ್ಜಿ ಆ ತೂತುಗಳನ್ನೂ ಮುಚ್ಚಿ ಸಾರಿಸಿದಳು.

ಮೊನ್ನೆ ವಾಸನೆಯ ನೆಪದಲ್ಲಿ ಅವರ ಸುದ್ದಿ ತೆಗೆದೆ. ಗೆಳತಿಯ ಗಂಡ ಅವರ ಕೈಯಲ್ಲೇ ಕಲಿತವನು. “ಹ್ವಾದ ವರ್ಷನ ತೀರಿಕೊಂಡ್ರಲ್ಲ,” ಎಂದಳು ಗೆಳತಿ. ನನ್ನ ಕಣ್ಣಲ್ಲಿ ನೀರು ನೋಡಿ ಗಾಬರಿಯಾದಳು. “ಯಾಕ, ನಿನಗೇನಾಗಬೇಕು ಅವ್ರು?”

ಏನಾಗಬೇಕು...

“ನಮ್ಮ ಗ್ವಾಡಿ ನೋಡಾಕ ಬರ್ತಿದ್ರು,” ಎಂದೆ.